ಉಸಿರಿನ ಲೆಕ್ಕ ಇಟ್ಟು ಪ್ರೇಮಕಥೆ ಬರೆದೆ

ಹದಿನಾರು ಹದಿನೇಳರ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಕಾದಂಬರಿ ಬರೀತೀನಿ ಅಂದಾಗ ಗೆಳೆಯರು ಸುಮ್ಮನಿದ್ದರು. ಅದರಲ್ಲಿ ಪ್ರೀತಿಯೂ ಇರುತ್ತೆ, ಪ್ರತಿ ಪಾತ್ರದ ಗಾಳಿ, ನೀರು, ಊಟಕ್ಕೆ ಲೆಕ್ಕ ಇಡ್ತೀನಿ, ಪ್ರೀತಿಯ ದೃಶ್ಯಗಳು ಆ ಲೆಕ್ಕದಿಂದಲೇ ಹುಟ್ಟಬೇಕು ಅಂದಾಗ ಮಾತ್ರ ಬಾಯಿ ಬಿಟ್ಟರು. "ಇದೇನು ಕಾದಂಬರಿಯೋ, ಕಿರಾಣಿ ಅಂಗಡಿ ಖಾತೆಯೋ?" ಅಂತ ಒಬ್ಬ ಪ್ರಕಾಶಕರು ಕೇಳಿದರು. ಈಗ ಎರಡನೇ ಮುದ್ರಣವೂ ಮುಗಿಯುತ್ತಾ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ನಡೆಯುವುದು ಮಂಗಳದ ನೆಲೆಯೊಂದರಲ್ಲಿ. ಮೊದಲ ಕರಡಿನಲ್ಲಿ ಹುಡುಗಿ ಇಳಾ ಅಲ್ಲಿದ್ದಳು, ಹುಡುಗ ಸಮೀರ ಭೂಮಿಯಲ್ಲಿದ್ದ. ಒಂದು ಮಾತು ಮುಟ್ಟಲು 3ರಿಂದ 22 ನಿಮಿಷ ಬೇಕು, ವಿರಹಕ್ಕೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತ್ತು. ಓದಿದ ಪಿಯುಸಿ ಮಕ್ಕಳಿಗೆ ಬೇಜಾರಾಯಿತು. ಇಲ್ಲಿ ಯಾರೂ ಯಾರಿಗೂ ಏನೂ ಮಾಡೋಕೆ ಆಗಲ್ವಲ್ಲ ಅಂದರು. ನಿಜ. ಕಾಯುವುದು ಬಿಟ್ಟರೆ ಆ ಇಬ್ಬರಿಗೆ ಬೇರೆ ಕೆಲಸವೇ ಇರಲಿಲ್ಲ. ಅರ್ಧದಷ್ಟು ಪುಟ ಹೋಯಿತು.

ಎರಡನೆಯದರಲ್ಲಿ ಹುಡುಗನನ್ನೂ ನೆಲೆಗೆ ತಂದೆ. ಮಂಗಳದಲ್ಲಿ ಸಂಜೆ ಸೂರ್ಯನ ಸುತ್ತ ಆಕಾಶ ನೀಲಿಯಾಗುತ್ತದೆ. ಆ ನೀಲಿಯ ಕೆಳಗೆ ಇಬ್ಬರನ್ನೂ ನಿಲ್ಲಿಸಿ ಮೂರು ಪುಟ ಬರೆದಿದ್ದೆ. ಮಕ್ಕಳು ಆ ಪುಟಗಳನ್ನು ಹಾರಿಸಿದರು. ಎಷ್ಟು ಚಂದ ಬರೆದರೂ ಅಲ್ಲಿ ಇಬ್ಬರಿಗೂ ಏನೂ ಖರ್ಚಾಗುತ್ತಿರಲಿಲ್ಲ.

ಆಗ ಹಿಡಿದದ್ದು ಉದ್ದ ನೋಟ್‌ಬುಕ್ಕು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕೆಜಿ ಆಕ್ಸಿಜನ್ ಬೇಕು, ಅವನು ಹೆಚ್ಚುಕಮ್ಮಿ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಎಡಕ್ಕೆ ನೆಲೆಯಲ್ಲಿ ಉಳಿದ ಗಾಳಿ ಮತ್ತು ನೀರು, ಬಲಕ್ಕೆ ಆ ದೃಶ್ಯದಲ್ಲಿ ಯಾರು ಯಾರಿಗಾಗಿ ಏನು ಬಿಟ್ಟರು ಅಂತ ಬರೆಯುತ್ತಾ ಹೋದೆ. ಬಲಗಡೆ ಖಾಲಿ ಉಳಿದ ದೃಶ್ಯ ಪುಸ್ತಕಕ್ಕೆ ಬರಲಿಲ್ಲ. ತ್ರಿಕೋನ ಪ್ರೇಮ ಇರಲೇಬೇಕು ಅಂತ ಬಹಳ ಜನ ಹೇಳಿದ್ದರು. ಅದನ್ನೂ ಹಾಕಿ ನೋಡಿದೆ. ಮೂರನೆಯವನೂ ಉಸಿರಾಡುತ್ತಾನಲ್ಲ! ಅವನ ಪಾಲಿನ ಗಾಳಿಗೆ ಸರಿಯಾದ ಕೆಲಸ ಕಥೆಯಲ್ಲಿ ಇರಲಿಲ್ಲ. ತೆಗೆದೆ.

ಇಡೀ ಕಾದಂಬರಿ ನಿಂತದ್ದು ಏರ್‌ಲಾಕ್ ದೃಶ್ಯದ ಮೇಲೆ. ಏರ್‌ಲಾಕ್ ಅಂದರೆ ನೆಲೆಯ ಒಳಗು ಹೊರಗಿನ ನಡುವೆ ಇರುವ, ಎರಡು ಬಾಗಿಲಿನ ಪುಟ್ಟ ಕೋಣೆ. ಬಾಗಿಲು ಕೆಟ್ಟು ಇಬ್ಬರೂ ಎಂಟು ಘನ ಮೀಟರ್ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಇಂಥಲ್ಲಿ ಆಕ್ಸಿಜನ್ ತೀರುವ ಮೊದಲೇ ಕಾರ್ಬನ್ ಡೈಆಕ್ಸೈಡ್ ಕೆಲಸ ಕೆಡಿಸುತ್ತದೆ. ಸುಮ್ಮನೆ ಕೂತವನು ಗಂಟೆಗೆ ಸುಮಾರು 20 ಲೀಟರ್ ಬಿಟ್ಟರೆ, ಇಬ್ಬರಿಂದ ಗಂಟೆಗೆ ಅರ್ಧ ಶೇಕಡಾ ಏರುತ್ತದೆ. ನಾಲ್ಕು ಗಂಟೆಗೆ ಶೇ. 2, ತಲೆನೋವು, ಏದುಸಿರು. ಎಂಟು ಗಂಟೆಗೆ ಶೇ. 4, ಅಲ್ಲಿಂದ ಮುಂದೆ ಪ್ರಾಣದ ಮಾತು. ಜಗಳಾಡಿದರೆ, ಬಾಗಿಲು ಗುದ್ದಿದರೆ ಇನ್ನೂ ಬೇಗ. ನಿದ್ದೆ ಮಾಡಿದರೆ ನಿಧಾನ. ಆದರೆ ಇಬ್ಬರೂ ಮಲಗುವ ಹಾಗಿಲ್ಲ, ಒಬ್ಬರು ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ನೋಡುತ್ತಿರಬೇಕು, ಹೊರಗಿನವರು ತಟ್ಟಿದರೆ ಉತ್ತರ ಕೊಡಬೇಕು. ಆಗ ಸಮೀರ ಇಳಾಗೆ, "ನೀನು ಮಲಗು, ನಾನು ನೋಡ್ಕೋತೀನಿ" ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ವಾದ ಮಾಡಿದರೂ ಗಾಳಿ ಖರ್ಚು. ಕೊನೆಗೆ ಅವಳು ಮೀಟರನ್ನು ಅವನ ಕೈಗೆ ಕೊಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾಳೆ. ಪ್ರೀತಿ ಅನ್ನುವ ಪದ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಅದನ್ನು ಓದಿ ದಾವಣಗೆರೆಯ ಕಾಲೇಜೊಂದರ ಹುಡುಗಿಯರು ಅತ್ತರು. ಈ ದೃಶ್ಯದ ಬಗ್ಗೆ ನನಗೆ ಹೆಮ್ಮೆ ಇದೆ. ಬಾಗಿಲು ತೆರೆಯುವ ಹೊತ್ತಿಗೆ ಮೀಟರ್ ಎಷ್ಟು ತೋರಿಸುತ್ತಿತ್ತು, ಆ ಅಂಕಿಯನ್ನು ಹೇಗೆ ಆರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇದಕ್ಕಾಗಿ ನಾಲ್ಕು ಸಾವಿರದಷ್ಟು ಕೊಟ್ಟು ಅಂಥದ್ದೇ ಒಂದು ಮೀಟರ್ ತರಿಸಿದ್ದೆ. ಅಂಗಳದಲ್ಲಿ 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 420 ಭಾಗದ ಆಸುಪಾಸು ತೋರಿಸುತ್ತಿತ್ತು. ರಾತ್ರಿ ಕಿಟಕಿ ಮುಚ್ಚಿ ನಾನೂ ಅಣ್ಣನ ಮಗನೂ ಮಲಗಿದರೆ ಬೆಳಗ್ಗೆ ಎರಡು ಸಾವಿರ ದಾಟಿರುತ್ತಿತ್ತು. ಅಂಕಿ ಏರುವುದನ್ನು ಕತ್ತಲಲ್ಲಿ ನೋಡುತ್ತಾ ಕೂತಾಗ ಬರುವ ಚಡಪಡಿಕೆ ಇದೆಯಲ್ಲ, ಅದು ಎಷ್ಟು ಪುಸ್ತಕ ಓದಿದರೂ ಸಿಗುತ್ತಿರಲಿಲ್ಲ. ಹಾಗೆಯೇ ಆಲೂಗಡ್ಡೆ ಬೆಳೆಯುವ ಮಣ್ಣಿನ ಪ್ರಯೋಗಕ್ಕೂ ಕೈ ಹಾಕಿದೆ. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಲವಣ ಇದೆ ಅಂತ 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದಿತ್ತು. ಆ ಮಣ್ಣನ್ನು ತೊಳೆಯದೆ ಬೆಳೆ ತೆಗೆಯುವ ಹಾಗಿಲ್ಲ. ಒಂದು ಬಕೆಟ್ ಮಣ್ಣು ತೊಳೆಯಲು ಎಷ್ಟು ನೀರು ಬೇಕು ಅಂತ ಹಿತ್ತಲಲ್ಲಿ ಉಪ್ಪು ಬೆರೆಸಿ ನೋಡಿದೆ. ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಹಿಡಿಯಿತು. ಕಥೆಗೆ ಅದರಿಂದ ಬಂದದ್ದು ಒಂದೇ ಸಾಲು, ಆದರೂ ಆ ಸಾಲು ಗಟ್ಟಿ.

ಬದುಕಿ ಉಳಿಯುವ ದೊಡ್ಡ ಎಳೆಯನ್ನು ಅಮೆರಿಕದ ಅರಿಜೋನಾದಲ್ಲಿ ನಡೆದ ಬಯೋಸ್ಫಿಯರ್ 2 ಪ್ರಯೋಗದಿಂದ ಎತ್ತಿಕೊಂಡೆ. 1991ರಲ್ಲಿ ಎಂಟು ಜನ ಆ ಗಾಜಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹದಿನಾರು ತಿಂಗಳಲ್ಲಿ ಆಕ್ಸಿಜನ್ 20.9ರಿಂದ ಶೇ. 14.5ರ ಹತ್ತಿರಕ್ಕೆ ಇಳಿಯಿತು, 1993ರಲ್ಲಿ ಹೊರಗಿನಿಂದ ತುಂಬಬೇಕಾಯಿತು. ಗೊಬ್ಬರ ಜಾಸ್ತಿ ಇದ್ದ ಮಣ್ಣಿನ ಸೂಕ್ಷ್ಮಜೀವಿಗಳು ಆಕ್ಸಿಜನ್ ತಿನ್ನುತ್ತಿದ್ದವು. ಅವು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಕಾಂಕ್ರೀಟ್ ಹೀರಿಕೊಳ್ಳುತ್ತಿತ್ತು. ಹಾಗಾಗಿ ಕಳ್ಳ ಯಾರು ಅಂತ ಬೇಗ ಗೊತ್ತಾಗಲಿಲ್ಲ. ನನ್ನ ಕಥೆಯಲ್ಲಿ ಇಳಾ ಮಣ್ಣಿನ ಲ್ಯಾಬಿನವಳು. ಸಮೀರನ ಅಪ್ಪ ನೆಲೆಗೆ ಕಾಂಕ್ರೀಟ್ ಹಾಕಿಸಿದವರು. ಕಾರಣ ಗೊತ್ತಾದ ದಿನ ಅವಳು ಮೊದಲು ಯಾರಿಗೆ ಹೇಳಬೇಕು? ಹೇಳುವುದು ಒಂದು ದಿನ ತಡವಾದರೆ ಎಲ್ಲರ ಗಾಳಿಯೂ ಅಷ್ಟು ಕಮ್ಮಿ. ಪ್ರೀತಿಯ ಎಳೆಯೂ ಉಳಿವಿನ ಎಳೆಯೂ ಅಲ್ಲಿ ಒಂದೇ ಗಂಟಾಯಿತು. ಆ ಭಾಗ ಬರೆಯುವಾಗ ನನ್ನ ಕೈ ನಿಲ್ಲಲೇ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಯಾವ ಪ್ರಕಾಶಕರೂ ಒಪ್ಪದೆ ನಾನೇ ಅಚ್ಚು ಹಾಕಿಸಿದೆ. ಡೆಮ್ಮಿ ಅಷ್ಟದಳ ಆಕಾರ, 240 ಪುಟ, ಐನೂರು ಪ್ರತಿ. ಡಿಟಿಪಿ, ಕರಡು ತಿದ್ದುವವರು, ಮುಖಪುಟ ಎಲ್ಲಾ ಸೇರಿ ಅರವತ್ತೈದು ಸಾವಿರದ ಹತ್ತಿರ ಹೋಯಿತು. ಬೆಲೆ 220 ಇಟ್ಟೆ. ಅಂಗಡಿಯವರಿಗೆ ಶೇ. 40 ಬಿಟ್ಟರೆ ಕೈಗೆ 132. ಎಲ್ಲವೂ ಅಂಗಡಿಯಲ್ಲೇ ಮಾರಿದರೆ ಅಸಲು ಮಾತ್ರ, ಲಾಭ ಸೊನ್ನೆ. ಒಬ್ಬ ಮಾರಾಟಗಾರರು ನೂರು ಪ್ರತಿ ಒಯ್ದು ವರ್ಷವಾದರೂ ದುಡ್ಡು ಕೊಡಲಿಲ್ಲ. ನನ್ನನ್ನು ಉಳಿಸಿದ್ದು ಕಾಲೇಜುಗಳು. ಏರ್‌ಲಾಕ್ ಅಧ್ಯಾಯವನ್ನು ಅರ್ಧ ಓದಿ ನಿಲ್ಲಿಸುತ್ತಿದ್ದೆ. ಚೀಲದಲ್ಲಿ ತಂದ ಪುಸ್ತಕಗಳು 180ರಂತೆ ಅಲ್ಲೇ ಖಾಲಿ. ಹುಡುಗರಿಗಿಂತ ಹುಡುಗಿಯರು ಜಾಸ್ತಿ ಕೊಂಡರು. ಹುಡುಗರು ಲೆಕ್ಕ ತಪ್ಪಿದೆಯಾ ಅಂತ ಮೊಬೈಲಿನಲ್ಲಿ ಗುಣಿಸಿ ನೋಡಿ ಆಮೇಲೆ ಕೊಂಡರು. ಲೆಕ್ಕ ತಪ್ಪಿರಲಿಲ್ಲ.

ಈಗ ಶನಿಯ ಉಪಗ್ರಹ ಟೈಟನ್ನಿನ ಮೇಲೆ ನಡೆಯುವ ಇನ್ನೊಂದು ಕಾದಂಬರಿ ಶುರು ಮಾಡಿದ್ದೇನೆ. ಅಲ್ಲಿ ಗಾಳಿಯ ಒತ್ತಡ ನಮ್ಮದರ ಒಂದೂವರೆ ಪಟ್ಟು, ಚಳಿ ಮೈನಸ್ 179 ಡಿಗ್ರಿ. ನೋಟ್‌ಬುಕ್ಕಿನ ಎಡಗಡೆ ಈ ಸಲ ಬಿಸಿಯ ಲೆಕ್ಕವೂ ಬಂದಿದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಯಾರ ಸೂಟಿನಿಂದ ಯಾರ ಸೂಟಿಗೆ ಎಷ್ಟು ಕೊಡಬಹುದು ಅನ್ನುವುದರ ಮೇಲೆ ಎರಡು ಅಧ್ಯಾಯ ಆಗಿವೆ. ಕೈಗವಸು ತೆಗೆಯಲಾಗದ ಕಡೆ ಇಬ್ಬರು ಕೈ ಹಿಡಿಯುವುದು ಹೇಗೆ ಅನ್ನುವುದು ಇನ್ನೂ ಬಗೆಹರಿದಿಲ್ಲ.