ಓಡಿದ್ದು ನಿಜ, ಆದರೆ ಕೊಂದನಾ?

ಚಾರ್ಜ್‌ಶೀಟ್‌ನಲ್ಲಿದ್ದ ಕಥೆ ಇಷ್ಟೇ. ರಾತ್ರಿ ತಪಾಸಣೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಹುಡುಗ ಬೈಕ್ ನಿಲ್ಲಿಸಲಿಲ್ಲ, ಲೈಸೆನ್ಸ್ ಇಲ್ಲ ಅಂತ ಭಯ. ಬೆನ್ನು ಹತ್ತಿದ ಜೀಪ್ ಮೋರಿಗೆ ಬಡಿದು ಒಬ್ಬ ಕಾನ್‌ಸ್ಟೆಬಲ್ ತೀರಿಕೊಂಡರು. ಹುಡುಗನ ಮೇಲೆ ಬಿದ್ದಿದ್ದು ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂ, ಅಂದರೆ ಕೊಲೆಯಲ್ಲದ ಮಾನವಹತ್ಯೆ.

ನಾನು ಮೊದಲು ಎಡವಿದೆ. ಜೀಪಿನ ಮುಂದಿನ ಟೈರ್ ಪೂರ್ತಿ ಸವೆದಿದೆ ಅಂತ ಮೋಟಾರು ವಾಹನ ಇನ್‌ಸ್ಪೆಕ್ಟರ್ ವರದಿಯಲ್ಲಿತ್ತು. ಅದನ್ನೇ ಹಿಡಿದು, ವಿಚಾರಣೆಗೆ ಮೊದಲೇ ಆರೋಪದಿಂದ ಕೈಬಿಡಿ ಅಂತ ಡಿಸ್ಚಾರ್ಜ್ ಅರ್ಜಿ ಹಾಕಿದೆ. ಸಾವಿಗೆ ಕಾರಣ ಜೀಪು, ನನ್ನ ಕಕ್ಷಿದಾರನಲ್ಲ ಅಂತ ವಾದ ಶುರು ಮಾಡಿದೆ. ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ, "ಇವನು ನಿಂತಿದ್ದರೆ ಜೀಪ್ ಯಾಕ್ರೀ ಹೊರಡ್ತಿತ್ತು ವಕೀಲರೇ?" ಅಂದರು. ಸುಮ್ನೆ ವಾಯಿದೆ ಕೇಳಿಕೊಂಡು ಹೊರಬಂದೆ.

ದಾರಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ 1991ರ ಅಕೋಸ್ಟಾ ತೀರ್ಪಿನಲ್ಲಿ. ಕದ್ದ ಕಾರಿನಲ್ಲಿ ಓಡುತ್ತಿದ್ದವನನ್ನು ಹಿಂಬಾಲಿಸುತ್ತಿದ್ದ ಎರಡು ಪೊಲೀಸ್ ಹೆಲಿಕಾಪ್ಟರ್ ಒಂದಕ್ಕೊಂದು ಡಿಕ್ಕಿಯಾಗಿ ಮೂವರು ಸತ್ತಿದ್ದರು. ಅವನ ಓಟವೂ ಸಾವಿಗೆ ಕಾರಣವೇ ಎಂದು ಕೋರ್ಟ್ ಒಪ್ಪಿತು. ಆದರೂ ಕೊಲೆಯ ಶಿಕ್ಷೆ ರದ್ದು ಮಾಡಿತು. ಮೇಲೆ ಹಾರುವವರ ಜೀವ ಹೋಗಬಹುದು ಎಂಬುದು ಅವನ ತಲೆಯಲ್ಲಿತ್ತು ಎನ್ನಲು ಪುರಾವೆಯೇ ಇರಲಿಲ್ಲ. ಆ ತೀರ್ಪು ನಮ್ಮ ಕೋರ್ಟಿನ ಕೈ ಕಟ್ಟುವುದಿಲ್ಲ, ನಿಜ. ಆದರೆ ನಾನು ತಪ್ಪು ಜಾಗದಲ್ಲಿ ಜಗಳ ತೆಗೆದಿದ್ದೆ ಅಂತ ಗೊತ್ತಾಯಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಕೆಲವು ಗಂಭೀರ ಅಪರಾಧ ಮಾಡಿ ಓಡುವಾಗ ಯಾರಾದರೂ ಸತ್ತರೆ, ಕೊಲ್ಲುವ ಉದ್ದೇಶವಿಲ್ಲದಿದ್ದರೂ ಅದು ಕೊಲೆ. ನಮ್ಮಲ್ಲಿ ಹಾಗಿಲ್ಲ. 105ಕ್ಕೆ ಉದ್ದೇಶ ಬೇಕು, ಇಲ್ಲವೇ ಸಾವಾಗುವ ಸಂಭವವಿದೆ ಎಂಬ ಅರಿವಾದರೂ ಬೇಕು.

ಆಮೇಲೆ ಸ್ಥಳ ಮಹಜರಿನ ನಕ್ಷೆ ಹರವಿಕೊಂಡು ಕೂತೆ. ಮೋರಿಗಿಂತ ಸುಮಾರು 200 ಮೀಟರ್ ಹಿಂದೆಯೇ ಬೈಕಿನ ಗುರುತು ಎಡಕ್ಕೆ, ಮಣ್ಣುರಸ್ತೆಗೆ ಹೊರಳಿತ್ತು. ಜೀಪ್ ಡಾಂಬರು ರಸ್ತೆಯಲ್ಲೇ ನೇರ ಹೋಗಿತ್ತು. ಅಂದರೆ ಅದು ಬಡಿದಾಗ ಹುಡುಗ ಆ ರಸ್ತೆಯಲ್ಲೇ ಇರಲಿಲ್ಲ! ಇದೇ ನಕ್ಷೆಯನ್ನು ನಾನು ಮೊದಲೂ ನೋಡಿದ್ದೆ, ಟೈರಿನ ಗುಂಗಿನಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಅವನು ಬೈಕನ್ನು ಜನರ ಮಧ್ಯೆ ನುಗ್ಗಿಸಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ಫುಟ್‌ಪಾತ್ ಮೇಲೆ ಮಲಗಿದ್ದ 7 ಜನ ಸತ್ತ ಮುಂಬೈನ ಪರೇರಾ ಪ್ರಕರಣದಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟ್ ಹಳೆಯ ಐಪಿಸಿಯ 304ರ ಎರಡನೇ ಭಾಗವನ್ನೇ, ಅಂದರೆ ಸಾವಿನ ಸಂಭವದ ಅರಿವಿದ್ದೂ ಮಾಡಿದ ಮಾನವಹತ್ಯೆಯನ್ನೇ ಎತ್ತಿಹಿಡಿದಿದೆ. ಪಬ್ಲಿಕ್ ಪ್ರಾಸಿಕ್ಯೂಟರ್ ಅದನ್ನೇ ಮುಂದಿಟ್ಟರು. ನಾನು ನಕ್ಷೆ ಮುಂದಿಟ್ಟೆ.

105 ಬಿದ್ದುಹೋಯಿತು. 106(1) ಉಳಿಯಿತು. ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ ಶಿಕ್ಷೆ. ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬಂತು. ಸಾವು ನಿರ್ಲಕ್ಷ್ಯದ ನೇರ ಫಲವಾಗಿರಬೇಕು ಎಂಬ ಸುಪ್ರೀಂ ಕೋರ್ಟಿನ ಹಳೆಯ ರಂಗವಾಲಾ ತೀರ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ. ಸವೆದ ಟೈರಿನ ಫೋಟೋ ಮತ್ತೆ ಫೈಲಿನ ಮೇಲೆ ಬಂದಿದೆ. ಮುಂದಿನ ವಾಯಿದೆಗೆ ವಾಹನ ಇನ್‌ಸ್ಪೆಕ್ಟರ್ ಪಾಟೀ ಸವಾಲು.