ಸಿಲ್ಕ್ ಬೋರ್ಡಿನಲ್ಲಿ ಸತ್ತ ಕೋಶಗಳು

"ರಕ್ತ ಕೊಟ್ಟಾಯ್ತಲ್ಲಮ್ಮ, ಮತ್ತೆ ಮಗಳ ಬೆನ್ನಿಗ್ಯಾಕೆ ಸೂಜಿ?"

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯೊಬ್ಬರು ನನ್ನ ಕೈಲಿದ್ದ ಐಸ್ ಡಬ್ಬಿ ನೋಡಿ ಕೇಳಿದರು. ನಾನು ಡಾಕ್ಟರಲ್ಲ, ಲ್ಯಾಬಿನವಳು. ಮಲ್ಟಿಪಲ್ ಸ್ಕ್ಲೆರೋಸಿಸ್, ನಮ್ಮ ಬಾಯಲ್ಲಿ ಎಂಎಸ್, ಎಂದರೆ ದೇಹದ ರಕ್ಷಣಾ ಕೋಶಗಳೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ಬೀಳುವ ಕಾಯಿಲೆ. ಅದು ಇರಬಹುದು ಎಂಬ ಅನುಮಾನವಿದ್ದವರ ರಕ್ತವನ್ನೂ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿರುವ ಬೆನ್ನಿನ ನೀರನ್ನೂ ಜೋಡಿಯಾಗಿ ಇಸಿದುಕೊಂಡು, ಯಾವ ಜಾತಿಯ ಬಿಳಿ ಕಣ ಎಷ್ಟಿದೆ ಎಂದು ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಗುರುತಿಸುವ ಫ್ಲೋ ಸೈಟೋಮೀಟರಿನಲ್ಲಿ ಎಣಿಸುವುದು ನನ್ನ ಕೆಲಸ. "ಜಗಳ ಮನೆಯೊಳಗೆ ನಡೀತಿದೆ ಅಮ್ಮ, ಬೀದೀಲಿ ನಿಂತು ನೋಡಿದ್ರೆ ಗೊತ್ತಾಗಲ್ಲ" ಅಂದೆ. ನಿಜ ಹೇಳಬೇಕೆಂದರೆ ಬೆನ್ನಿನ ನೀರೂ ಒಳಮನೆಯಲ್ಲ, ಜಗಲಿ ಅಷ್ಟೆ. ಆದರೂ ಬೀದಿಗಿಂತ ಹತ್ತಿರ.

ಜಗಲಿಯಲ್ಲಿ ಜನ ತೀರಾ ಕಡಿಮೆ. ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಬಿಳಿ ಕಣ 4,000ದಿಂದ 11,000 ಇರುತ್ತವೆ. ಬೆನ್ನಿನ ನೀರಿನಲ್ಲಿ 5 ದಾಟಿದರೇ ಹೆಚ್ಚು. ಎಂಎಸ್ ಇದ್ದವರಲ್ಲೂ ಎಷ್ಟೋ ಸಲ ಲೆಕ್ಕ ಆ ಮಿತಿಯೊಳಗೇ ಇರುತ್ತದೆ, ಇಲ್ಲವೇ ತುಸು ಮೇಲೆ. 50 ದಾಟಿತೆಂದರೆ ನ್ಯೂರಾಲಜಿಸ್ಟ್ ಬೇರೆ ದಿಕ್ಕಿಗೆ ನೋಡುತ್ತಾರೆ, ನಮ್ಮ ಕಡೆಯಂತೂ ಮೊದಲ ಗುಮಾನಿ ಟಿಬಿ ಮೇಲೆ. ಕೈಗೆ 5 ಎಂ.ಎಲ್. ಸಿಕ್ಕಿತು, ಮೈಕ್ರೋಲೀಟರಿಗೆ 3 ಕೋಶ ಎಂದಿಟ್ಟುಕೊಳ್ಳಿ: ಒಟ್ಟು 15,000. ರಕ್ತದಲ್ಲಾದರೆ 100 ಮೈಕ್ರೋಲೀಟರಿನಲ್ಲೇ ಏಳು ಲಕ್ಷ. ರಕ್ತದಲ್ಲಿ ಕೈ ಪಳಗಿದ್ದವಳು ನಾನು, ಈ ಬಡತನಕ್ಕೆ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿಯಿತು.

ಶುರುವಿನಲ್ಲಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಯೊಂದರಿಂದ ಸ್ಯಾಂಪಲ್ ಬೈಕಿನಲ್ಲಿ ಬರುತ್ತಿತ್ತು. ಅಲ್ಲಿ ಎಣಿಸಿದಾಗ 9 ಕೋಶ, ನನ್ನ ಮೇಜಿಗೆ ಬಂದಾಗ 2. ಮೊದಲು ಮೆಷಿನ್ ಮೇಲೆ ಅನುಮಾನಪಟ್ಟೆ, ಆಮೇಲೆ ಕೋಶಗಳ ಗುರುತು ಹಿಡಿಯಲು ನಾವು ಬೆರೆಸುವ, ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ ಮೇಲೆ. ಬೈಕಿನ ಹುಡುಗನೇ ಕೊನೆಗೆ ಹೇಳಿದ: "ಮೇಡಂ, ಸಿಲ್ಕ್ ಬೋರ್ಡಲ್ಲೇ ಮುಕ್ಕಾಲು ಗಂಟೆ ನಿಂತಿದ್ದೆ, ಮಳೆ ಬೇರೆ." ಟ್ಯೂಬಿನ ಮೇಲಿನ ಸಮಯ ನೋಡಿದರೆ ನೀರು ತೆಗೆದು ಮೂರು ಗಂಟೆ ದಾಟಿತ್ತು. ರಕ್ತದಲ್ಲಿ ಪ್ರೋಟೀನ್ ಡೆಸಿಲೀಟರಿಗೆ 6-8 ಗ್ರಾಂ. ಬೆನ್ನಿನ ನೀರಿನಲ್ಲಿ 15-45 ಮಿಲಿಗ್ರಾಂ ಮಾತ್ರ. ಆ ತೆಳು ನೀರಿನಲ್ಲಿ ಕೋಶಗಳಿಗೆ ಆಸರೆಯೇ ಇಲ್ಲ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಜಾತಿಯವು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತವೆ, ಟಿ ಕೋಶ, ಬಿ ಕೋಶಗಳು ಸೇರಿದ ಲಿಂಫೋಸೈಟ್‌ಗಳು ಸ್ವಲ್ಪ ಗಟ್ಟಿ ಜೀವ. ಸಾಯದೆ ಉಳಿದವು ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತವೆ. ಅಂದಿನಿಂದ ಅಷ್ಟು ದೂರದ ಸ್ಯಾಂಪಲ್ ಒಲ್ಲೆ ಎಂದೆ. ಹತ್ತಿರದ ವಾರ್ಡಿಗೆ ನಾನೇ ಪಾಲಿಪ್ರೊಪಿಲೀನ್ ಟ್ಯೂಬು ಹಿಡಿದು ಹೋಗುತ್ತೇನೆ, ಒಳಗೆ ಮೊದಲೇ ಕೋಶಗಳನ್ನು ಬದುಕಿಸಿಡುವ, ಸೀರಂ ಬೆರೆಸಿದ ಮೀಡಿಯಂ ಸ್ವಲ್ಪ ಹಾಕಿರುತ್ತೇನೆ. ಸೂಜಿ ಆಚೆ ಬಂದ ಒಂದು ಗಂಟೆಯೊಳಗೆ ಅದು ಸೆಂಟ್ರಿಫ್ಯೂಜಿನಲ್ಲಿರಬೇಕು.

ಇನ್ನೊಂದು ತಪ್ಪು ಪೂರಾ ನನ್ನದೇ. ರಕ್ತ ತಿರುಗಿಸಿದ ಮೇಲೆ ತಳದಲ್ಲಿ ಕೋಶಗಳ ಗುಡ್ಡೆ ಕಾಣುತ್ತದೆ, ಮೇಲಿನ ನೀರನ್ನು ಒಂದೇ ಏಟಿಗೆ ಸಿಂಕಿಗೆ ಸುರಿದುಬಿಡುತ್ತೇವೆ. ಬೆನ್ನಿನ ನೀರಿನಲ್ಲಿ ತಳ ಖಾಲಿಯಂತೆಯೇ ಕಾಣುತ್ತದೆ. ಕೈ ಅಭ್ಯಾಸಕ್ಕೆ ಸುರಿದೆ, ಹೋಯಿತು. ಕಾಲೇಜು ಹುಡುಗಿಯೊಬ್ಬಳು ಮೊಣಕಾಲು ಎದೆಗೆ ಮಡಚಿ ಮಲಗಿ ಕೊಟ್ಟ 6 ಎಂ.ಎಲ್. ಅದು. ನಮ್ಮ ಸೀನಿಯರ್ ಬೈಯಲಿಲ್ಲ. ಮರುದಿನ ಪಕ್ಕದಲ್ಲಿ ಕೂರಿಸಿಕೊಂಡು, ಪಿಪೆಟ್ಟಿನ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿಟ್ಟು, ನೀರು ಇಳಿದಂತೆ ತುದಿಯನ್ನೂ ಇಳಿಸುತ್ತಾ, ಕೊನೆಯ 100 ಮೈಕ್ರೋಲೀಟರ್ ಮುಟ್ಟದೆ ಬಿಡುವುದು ತೋರಿಸಿಕೊಟ್ಟರು. ಈಗಲೂ ಆ ಹೊತ್ತಿಗೆ ಫೋನ್ ಬಂದರೆ ಎತ್ತುವುದಿಲ್ಲ.

ಆಂಟಿಬಾಡಿ ಬೆರೆಸಿ ಕೋಶಗಳಿಗೆ ಬಣ್ಣ ಕಟ್ಟುವ ಮುಂಚೆ ಟ್ಯೂಬನ್ನು ಬೆಳಕಿಗೆ ಹಿಡಿಯುತ್ತೇನೆ. ಸೂಜಿ ದಾರಿಯಲ್ಲಿ ರಕ್ತನಾಳಕ್ಕೆ ತಾಗಿದ್ದರೆ ನೀರು ನಸುಗೆಂಪಾಗಿರುತ್ತದೆ. 500ರಿಂದ 1,000 ಕೆಂಪು ಕಣಕ್ಕೆ ಒಂದು ಬಿಳಿ ಕಣ ಕಳೆಯುವ ಲೆಕ್ಕವಿದೆ. ಅದು ಒಟ್ಟು ಎಣಿಕೆಗೆ ಸರಿ. ಆಂಟಿಬಾಡಿ ತಯಾರಿಸುವ ವಂಶದ ಬಿ ಕೋಶಗಳಂಥ ಬೆರಳೆಣಿಕೆಯ ಗುಂಪಿಗೆ ನಾನು ನಂಬುವುದಿಲ್ಲ. ಕೆಂಪಿದ್ದರೆ ವರದಿಯಲ್ಲಿ ಹಾಗೆಂದೇ ಬರೆಯುತ್ತೇನೆ.

ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸಂಗತಿ ತೆರೆದುಕೊಳ್ಳುತ್ತದೆ. ಬೆನ್ನಿನ ನೀರಿನಲ್ಲಿ ಬಹುಪಾಲು ಟಿ ಕೋಶಗಳೇ, ಅದರಲ್ಲೂ ಹಿಂದೊಮ್ಮೆ ಶತ್ರುವನ್ನು ಕಂಡು ನೆನಪಿಟ್ಟುಕೊಂಡ ಸಿಡಿ4 ಕೋಶಗಳು (ಸಿಡಿ ಎಂದರೆ ಕೋಶದ ಜಾತಿ ಹೇಳುವ, ಅದರ ಮೈಮೇಲಿನ ಗುರುತು). ಇನ್ನೊಂದು ಬಗೆಯ ಟಿ ಕೋಶವಾದ ಸಿಡಿ8ಕ್ಕೆ ಹೋಲಿಸಿದರೆ ಇವುಗಳ ಪಾಲು ರಕ್ತಕ್ಕಿಂತ ಇಲ್ಲಿ ಹೆಚ್ಚು. ಇದು ಆರೋಗ್ಯವಂತರಲ್ಲೂ ಹಾಗೆಯೇ, ಹೊಸಬರು ಇದನ್ನೇ ಕಾಯಿಲೆ ಎಂದುಕೊಳ್ಳುತ್ತಾರೆ. ನಾನು ಹುಡುಕುವುದು ಬಿ ಕೋಶಗಳ ಗುರುತಾದ ಸಿಡಿ19ರ ಮೂಲೆಯನ್ನು. ಉರಿಯೂತವಿಲ್ಲದವರಲ್ಲಿ ಅಲ್ಲಿ ಬಿ ಕೋಶ ಇಲ್ಲವೆನ್ನುವಷ್ಟು ಕಡಿಮೆ. ಎಂಎಸ್‌ನಲ್ಲಿ ಅವು ಬಂದು ಕೂತಿರುತ್ತವೆ, ಜೊತೆಗೆ ಸಿಡಿ38 ಗಾಢವಾಗಿ ಹೊಳೆಯುವ ಪ್ಲಾಸ್ಮಾಬ್ಲಾಸ್ಟ್‌ಗಳು, ಅಂದರೆ ಆಂಟಿಬಾಡಿ ತಯಾರಿಗೆ ಇಳಿದ ಬಿ ಕೋಶಗಳು. ಅದೇ ವ್ಯಕ್ತಿಯ ರಕ್ತದಲ್ಲಿ ಎಲ್ಲವೂ ಸಾಮಾನ್ಯ. ಪಕ್ಕದ ಕೋಣೆಯವರು ಜೆಲ್ಲಿನಲ್ಲಿ ನೋಡುವ ಆಲಿಗೋಕ್ಲೋನಲ್ ಬ್ಯಾಂಡ್‌ಗಳು ಈ ವಂಶದ ಕೋಶಗಳು ಒಳಗೇ ತಯಾರಿಸಿದ ಆಂಟಿಬಾಡಿ. ಎಂಎಸ್ ಹೌದೋ ಅಲ್ಲವೋ ಎಂದು ನಿರ್ಧರಿಸುವ 2017ರ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ ಜಾಗ ಸಿಕ್ಕಿದ್ದು ಆ ಬ್ಯಾಂಡ್‌ಗಳಿಗೆ, ನನ್ನ ಕೋಶ ಎಣಿಕೆಗಲ್ಲ. ಅವರು ಆಗಾಗ ಅದನ್ನು ನೆನಪಿಸುತ್ತಾರೆ.

ಬೀದಿ ಬೇರೆ, ಜಗಲಿ ಬೇರೆ ಎಂಬುದು ಔಷಧಿ ಶುರುವಾದ ಮೇಲೆ ಇನ್ನೂ ಸ್ಪಷ್ಟ. ಎಂಎಸ್‌ಗೆ ಕೊಡುವ ನಟಾಲಿಜುಮ್ಯಾಬ್ ಎಂಬ ಔಷಧಿ, ಲಿಂಫೋಸೈಟ್‌ಗಳು ಮಿದುಳಿನೊಳಗೆ ನುಗ್ಗಲು ಹಿಡಿಯುವ ಕೊಂಡಿಯನ್ನೇ ಮುಚ್ಚುತ್ತದೆ. ಆಗ ರಕ್ತದಲ್ಲಿ ಲಿಂಫೋಸೈಟ್ ಏರುತ್ತದೆ, ಬೆನ್ನಿನ ನೀರಿನಲ್ಲಿ ಇಳಿಯುತ್ತದೆ. ರಕ್ತ ಮಾತ್ರ ನೋಡಿದವರಿಗೆ ಕಾಯಿಲೆ ಕೆರಳಿದಂತೆ ಕಂಡೀತು. ಕಾವಲು ತಪ್ಪಿದ ಒಳಮನೆಯಲ್ಲಿ, ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುವ ಜೆಸಿ ವೈರಸ್ ಎದ್ದರೆ ಪ್ರಾಣಕ್ಕೇ ಸಂಚಕಾರ. ನಮ್ಮಲ್ಲಿ ಹೆಚ್ಚು ಬರುವುದು ಬಿ ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಪಡೆದವರ ರಕ್ತ. ಆ ಔಷಧಿ ಬಿ ಕೋಶದ ಇನ್ನೊಂದು ಗುರುತಾದ ಸಿಡಿ20ರ ಮೇಲೇ ಕೂತು ಅದನ್ನು ಮುಚ್ಚುವುದರಿಂದ ಬಿ ಕೋಶಗಳನ್ನು ಸಿಡಿ19ರಿಂದ ಹುಡುಕಬೇಕು. ಅಲ್ಲಿ ಸೊನ್ನೆ ಬಂದರೂ ಅದು ಬೀದಿಯ ಸೊನ್ನೆ. ಔಷಧಿಯ ಅತ್ಯಲ್ಪ ಪಾಲಷ್ಟೇ ಬೆನ್ನಿನ ನೀರಿಗೆ ಇಳಿಯುತ್ತದೆ.

ಅವತ್ತು ಸಿಸ್ಟರ್ ಬಾಗಿಲು ತೆರೆದು ಟ್ಯೂಬು ಕೊಟ್ಟಾಗ 11:20. ನೀರು ತಿಳಿಯಾಗಿತ್ತು. ಐಸಿನಲ್ಲಿಟ್ಟು ಹೊರಟೆ. "ಇಷ್ಟೇನಾ?" ಅಂದರು ಆ ತಾಯಿ, ಡಬ್ಬಿಯೊಳಗೆ ಇಣುಕಿ. "ಇಷ್ಟೇ ಅಮ್ಮ" ಅಂದು ಮೆಟ್ಟಿಲಿಳಿದೆ, ಲಿಫ್ಟಿಗೆ ಕಾಯಲಿಲ್ಲ.