ಉಳುಕಿದ ಪಾದಕ್ಕೆ, ಶಸ್ತ್ರಚಿಕಿತ್ಸೆಯಾದ ಮಂಡಿಗೆ ಮನೆಯಲ್ಲಿ ಐಸ್ ಇಡುವ ಕ್ರಮ

ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಹಿರಿಯರಿಗೆ, ಬೈಕಿನಿಂದ ಬಿದ್ದು ಪಾದ ಉಳುಕಿಸಿಕೊಂಡವರಿಗೆ, ಗರಡಿಯಲ್ಲಿ ಭುಜ ನೋಯಿಸಿಕೊಂಡ ಪೈಲ್ವಾನರಿಗೆ ಫಿಸಿಯೋಥೆರಪಿಯವರು ಹೇಳಿ ಕಳುಹಿಸುವ ಮಾತುಗಳಲ್ಲಿ “ದಿನಕ್ಕೆ ಮೂರು ನಾಲ್ಕು ಸಲ ಐಸ್ ಇಡಿ” ಎಂಬುದೂ ಒಂದು. ಯಾವ ಐಸ್, ಎಷ್ಟು ಹೊತ್ತು, ಯಾರು ಇಡಲೇಬಾರದು ಎಂಬ ವಿವರಗಳು ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಎಷ್ಟೋ ಸಲ ಅಲ್ಲಿಯೇ ಉಳಿದುಬಿಡುತ್ತವೆ. ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ನೋವಿಗೆ ಶಾಖ ಕೊಡುವುದು, ಬಿಸಿ ಎಣ್ಣೆ ತಿಕ್ಕುವುದು ತಲೆಮಾರುಗಳ ರೂಢಿ. ಎಷ್ಟು ಕಾವಾದರೆ ಚರ್ಮ ಸುಡುತ್ತದೆ ಎಂಬ ಅಂದಾಜು ಮನೆಯ ಹಿರಿಯರಿಗೆ ಇದ್ದೇ ಇರುತ್ತದೆ. ತಂಪಿನ ವಿಷಯದಲ್ಲಿ ಅಂಥ ಅಂದಾಜು ನಮಗೆ ಇನ್ನೂ ರೂಢಿಯಾಗಿಲ್ಲ. ಬಿಸಿ ಹೆಚ್ಚಾದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ; ತಂಪು ಹೆಚ್ಚಾದರೆ ಅರಿವೇ ಹೋಗಿಬಿಡುವುದರಿಂದ, ಚರ್ಮಕ್ಕೆ ಹಾನಿಯಾಗುತ್ತಿರುವಾಗಲೂ ರೋಗಿಗೆ ಹಾಯೆನಿಸುತ್ತಿರಬಹುದು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಐಸ್ ಮಾಡುವ ಕೆಲಸ ಮುಖ್ಯವಾಗಿ ನೋವು ತಗ್ಗಿಸುವುದು. ಚರ್ಮ ತಣ್ಣಗಾದಂತೆ ನರಗಳಲ್ಲಿ ಸಂದೇಶ ಹರಿಯುವ ವೇಗ ಕಡಿಮೆಯಾಗುತ್ತದೆ, ರಕ್ತನಾಳಗಳು ಕುಗ್ಗುತ್ತವೆ, ಸ್ನಾಯುಗಳ ಸೆಳೆತ ಸಡಿಲವಾಗುತ್ತದೆ. ಬಾವು ಇಳಿಸುವುದರಲ್ಲಿ ಐಸಿನ ಪಾಲು ಜನ ಭಾವಿಸುವಷ್ಟು ದೊಡ್ಡದಲ್ಲ. ಕಾಲನ್ನು ಎದೆಮಟ್ಟಕ್ಕಿಂತ ಎತ್ತರಕ್ಕೆ ಇಡುವುದು, ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು ಅದಕ್ಕಿಂತ ಹೆಚ್ಚು ನೆರವಾಗುತ್ತವೆ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಬಳಕೆಗೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಹೆಚ್ಚು ವಿಶ್ರಾಂತಿ ಮತ್ತು ಐಸ್ ಮಾಯುವಿಕೆಯನ್ನು ನಿಧಾನಗೊಳಿಸಬಹುದೆಂದು ಮುಂದೆ ತಮ್ಮ ನಿಲುವನ್ನು ಬದಲಿಸಿಕೊಂಡರು. ಆದ್ದರಿಂದ ಐಸನ್ನು ಗುಣಪಡಿಸುವ ಔಷಧಿಯೆಂದು ನೋಡದೆ, ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುವ ಸಹಾಯಕವೆಂದು ನೋಡುವುದು ಸರಿ.

ಮೊದಲ ಸಲ ಐಸ್ ಇಡುವ ಮುಂಚೆ ಆ ಜಾಗದ ಚರ್ಮಕ್ಕೆ ಬಿಸಿ ತಂಪಿನ ಅರಿವು ಇದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಎರಡು ಸ್ಟೀಲ್ ಚಮಚ ಸಾಕು. ಒಂದನ್ನು ಫ್ರಿಜ್ಜಿನ ನೀರಿನಲ್ಲಿ, ಇನ್ನೊಂದನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ರೋಗಿ ಕಣ್ಣು ಮುಚ್ಚಿರಲಿ. ಮೊದಲು ನೋವಿಲ್ಲದ ಕಾಲಿಗೆ, ಆಮೇಲೆ ನೋವಿರುವ ಕಾಲಿಗೆ ಚಮಚವನ್ನು ಮುಟ್ಟಿಸಿ, “ಅಜ್ಜೀ, ಈಗ ಮುಟ್ಟಿಸಿದ್ದು ತಣ್ಣಗಿತ್ತೋ, ಬೆಚ್ಚಗಿತ್ತೋ?” ಎಂದು ಕೇಳಿ. ಸರದಿಯನ್ನು ಬದಲಿಸುತ್ತ ಐದಾರು ಕಡೆ ಹೀಗೆ ಕೇಳಬೇಕು. ಒಂದೇ ಸರದಿಯಲ್ಲಿ ಮುಟ್ಟಿಸಿದರೆ ಅಂದಾಜಿನ ಮೇಲೆಯೇ ಸರಿಯುತ್ತರ ಬರುತ್ತದೆ. ಉತ್ತರ ತಪ್ಪಿದ ಜಾಗಕ್ಕೆ ಐಸ್ ಬೇಡ. ಮಂಡಿ ಬದಲಾವಣೆಯಾದವರಲ್ಲಿ ಹೊಲಿಗೆಯ ಹೊರಬದಿಗೆ ಅಂಗೈಯಗಲದ ಜಾಗ ಮರಗಟ್ಟಿರುವುದು ತೀರ ಸಾಮಾನ್ಯ, ಏಕೆಂದರೆ ಅಲ್ಲಿ ಹಾದುಹೋಗುವ ಸಣ್ಣ ನರ ಶಸ್ತ್ರಚಿಕಿತ್ಸೆಯ ಕೊಯ್ತಕ್ಕೆ ಸಿಕ್ಕಿರುತ್ತದೆ. ಅಂಥವರು ಚೀಲವನ್ನು ಆ ಜಾಗದಿಂದ ಈಚೆ ಸರಿಸಿ, ಅರಿವಿರುವ ಭಾಗದ ಮೇಲೆ ಇಟ್ಟುಕೊಳ್ಳಬೇಕು. ನೋವು ತಡೆಯಲು ನರಕ್ಕೆ ಇಂಜೆಕ್ಷನ್ ಕೊಟ್ಟಿದ್ದರೆ, ಅದರ ಪರಿಣಾಮ ಪೂರ್ತಿ ಇಳಿಯುವವರೆಗೆ ಮನೆಯವರು ತಾವಾಗಿ ಐಸ್ ಇಡಕೂಡದು.

ಚಮಚದ ಪರೀಕ್ಷೆಯಲ್ಲಿ ಗೆದ್ದರೂ ಕೆಲವರು ವೈದ್ಯರ ಅನುಮತಿಯಿಲ್ಲದೆ ಐಸ್ ಮುಟ್ಟಬಾರದು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಜೋಮು, ಉರಿ ಇರುವವರು, ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಮಚ್ಚೆಗಳಿರುವವರು, ಪಾರ್ಶ್ವವಾಯುವಿನಿಂದ ಒಂದು ಬದಿಯ ಅರಿವು ಮಂಕಾದವರು, ನಡೆದರೆ ಮೀನಖಂಡ ಹಿಡಿದು ನಿಂತರೆ ಬಿಡುವಂಥ ರಕ್ತಸಂಚಾರದ ತೊಂದರೆಯವರು ಈ ಗುಂಪಿಗೆ ಸೇರುತ್ತಾರೆ. ತಣ್ಣೀರು ಮುಟ್ಟಿದರೆ ಬೆರಳುಗಳು ಬಿಳುಪಾಗಿ ನೀಲಿಗಟ್ಟುವ ರೇನೋಡ್ಸ್ ತೊಂದರೆ, ತಂಪು ತಾಗಿದಲ್ಲಿ ದದ್ದು ಏಳುವ ಅಲರ್ಜಿ, ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆ ಇರುವವರೂ ಅಷ್ಟೇ. ಬೀಡಿ, ಸಿಗರೇಟು ಸೇದುವವರ ವಿಷಯ ಪ್ರತ್ಯೇಕವಾಗಿ ಹೇಳಬೇಕು: ಕೈಕಾಲುಗಳ ರಕ್ತನಾಳ ಮುಚ್ಚಿಕೊಳ್ಳುವ ಬರ್ಗರ್ಸ್ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇವರಲ್ಲೇ, ಅಂಥ ಕಾಲಿಗೆ ತಂಪು ಕೇಡು. ತೆರೆದ ಗಾಯದ ಮೇಲಂತೂ ಯಾರೂ ಐಸ್ ಇಡಬಾರದು.

ಇನ್ನು ಐಸಿನ ಬಗೆ. ಕರಗುತ್ತಿರುವ ಐಸ್ ಎಷ್ಟೇ ಹೊತ್ತು ಇದ್ದರೂ 0 ಡಿಗ್ರಿಯಲ್ಲೇ ಇರುತ್ತದೆ, ಮತ್ತು ಒಂದು ಗ್ರಾಂ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಔಷಧಿ ಅಂಗಡಿಯ ಜೆಲ್ ಪ್ಯಾಕ್ ಹಾಗಲ್ಲ. ಅದು ಗಟ್ಟಿಯಾಗದೆ ಮೆತ್ತಗೇ ಇದ್ದುಕೊಂಡು ಫ್ರೀಜರಿನ ಉಷ್ಣತೆಗೆ, ಎಂದರೆ ಮೈನಸ್ 18 ಡಿಗ್ರಿಯವರೆಗೂ ಇಳಿದಿರುತ್ತದೆ. ಕೈಗೆ ಮೆತ್ತಗೆ ಸಿಗುವುದರಿಂದ ಅದೇ ಸೌಮ್ಯವೆಂದು ಜನ ನಂಬುತ್ತಾರೆ, ಅಪಾಯ ಹೆಚ್ಚು ಅದರಲ್ಲೇ. ಆದ್ದರಿಂದ ನಾನು ಮನೆಬಳಕೆಗೆ ಸೂಚಿಸುವುದು ಪುಡಿ ಮಾಡಿದ ಐಸನ್ನೇ. ಟ್ರೇಯ ಐಸ್ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ, ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಅರ್ಧದಷ್ಟು ಹಾಕಿ, ಅರ್ಧ ಲೋಟ ನೀರು ಸುರಿದು, ಒಳಗಿನ ಗಾಳಿಯನ್ನು ಒತ್ತಿ ತೆಗೆದು ಗಂಟು ಹಾಕಿ. ನೀರು ಬೆರೆತ ಕೂಡಲೆ ಐಸ್ ಕರಗುವ ಹಂತಕ್ಕೆ ಬರುತ್ತದೆ, ಚೀಲ ಮಂಡಿಯ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ. ಐಸ್ ಬೇಗ ಕರಗದಿರಲೆಂದು ಅದಕ್ಕೆ ಉಪ್ಪು ಬೆರೆಸಬೇಡಿ. ಕುಲ್ಫಿ ಮಾರುವವರು ಐಸಿಗೆ ಉಪ್ಪು ಹಾಕುವುದು ಅದನ್ನು ಸೊನ್ನೆಗಿಂತ ಬಹಳ ಕೆಳಕ್ಕೆ ಇಳಿಸಿ ಹಾಲನ್ನು ಹೆಪ್ಪುಗಟ್ಟಿಸಲು. ಅದೇ ಮಿಶ್ರಣ ಚರ್ಮವನ್ನೂ ಹೆಪ್ಪುಗಟ್ಟಿಸುತ್ತದೆ. ಜೆಲ್ ಪ್ಯಾಕನ್ನೇ ಬಳಸಬೇಕಾದರೆ ಹತ್ತು ನಿಮಿಷ ಹೊರಗಿಟ್ಟು, ಒಣಗಿದ ಟವೆಲನ್ನು ಎರಡು ಮಡಿಕೆ ಸುತ್ತಿ ಬಳಸಿ.

ಪುಡಿ ಐಸಿನ ಚೀಲದ ಅಡಿಯಲ್ಲಿ ತೆಳುವಾದ, ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆ ಇರಬೇಕು. ಹೊಲಿಗೆ ಇನ್ನೂ ಮಾಯದಿದ್ದರೆ ಡ್ರೆಸ್ಸಿಂಗಿನ ಮೇಲೆ ಮೊದಲು ಪ್ಲಾಸ್ಟಿಕ್ ಹಾಳೆ ಹರಡಿಕೊಳ್ಳಬೇಕು, ಡ್ರೆಸ್ಸಿಂಗ್ ನೆನೆದರೆ ಸೋಂಕಿಗೆ ದಾರಿಯಾಗುತ್ತದೆ. ಚೀಲ ಕಾಲಿನ ಮೇಲಿರಲಿ, ಕಾಲು ಚೀಲದ ಮೇಲೆ ಬೇಡ. ಮೈಭಾರ ಬಿದ್ದಲ್ಲಿ ರಕ್ತ ಹರಿಯದೆ ಹಾನಿ ಬೇಗ ಆಗುತ್ತದೆ. ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಸೆಳೆತದಂಥ ನೋವು, ಕೊನೆಗೆ ಮರಗಟ್ಟುವಿಕೆ ಎಂಬ ಕ್ರಮದಲ್ಲಿ ಅನುಭವ ಸಾಗುತ್ತದೆ. ತೆಳು ಮೈಯವರಿಗೆ ಮತ್ತು ಪಾದ, ಮೊಣಕೈಯಂಥ ಎಲುಬು ಮೇಲಿರುವ ಜಾಗಗಳಿಗೆ 10 ನಿಮಿಷ ಸಾಕು. ಮಾಂಸಲ ಜಾಗಕ್ಕೆ 15 ನಿಮಿಷ, ಕೊಬ್ಬಿನ ಪದರ ದಪ್ಪಗಿದ್ದರೆ 20. ಅದಕ್ಕಿಂತ ಮೇಲೆ ಬೇಡ, ಮತ್ತೆ ಇಡಲು ಎರಡು ಗಂಟೆಯ ಅಂತರ ಬಿಡಿ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಊಟವಾದ ಮೇಲೆ ಐಸ್ ಇಟ್ಟುಕೊಂಡು ಟಿವಿ ನೋಡುತ್ತ ಹಾಗೇ ನಿದ್ದೆಹೋಗುವುದರಲ್ಲೇ ನಿಜವಾದ ಅಪಾಯವಿರುವುದು.

ಐದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ಚರ್ಮವನ್ನು ನೋಡಿ. ಚರ್ಮ ಕೆಂಪಾಗುವುದು ಸಹಜ ಎಂದು ಪುಸ್ತಕಗಳಲ್ಲಿ ಇರುತ್ತದೆಯಾದರೂ ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಹಾಗಾಗಿ ಬೆರಳಿನಿಂದ ಒತ್ತಿ ಬಿಟ್ಟು, ಬಣ್ಣ ಎರಡು ಮೂರು ಸೆಕೆಂಡಿನಲ್ಲಿ ಮರಳುತ್ತದೆಯೇ ಎಂದು ಇನ್ನೊಂದು ಕಾಲಿನೊಂದಿಗೆ ಹೋಲಿಸಿ ನೋಡಬೇಕು. ಚರ್ಮ ಬೂದಿಬಣ್ಣಕ್ಕೆ ತಿರುಗಿ ಮೇಣದಂತೆ ಗಟ್ಟಿಯೆನಿಸಿದರೆ ಆ ಕ್ಷಣವೇ ಐಸ್ ತೆಗೆಯಿರಿ.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಸಣ್ಣ ಎಲುಬಿನ ಉಬ್ಬು ಇದೆ. ಪಾದವನ್ನು ಮೇಲೆತ್ತಿಸುವ ನರ ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಅದರ ಮೇಲೆ ಐಸ್ ಇಟ್ಟು ಬ್ಯಾಂಡೇಜಿನಿಂದ ಬಿಗಿದು ಕಟ್ಟಿದ್ದರಿಂದ ಪಾದ ಎತ್ತಲಾಗದೆ ನೆಲಕ್ಕೆ ಎಳೆಯುವ ಸ್ಥಿತಿ ಉಂಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೊಣಕೈಯ ಒಳಬದಿಯೂ ಇಷ್ಟೇ ಸೂಕ್ಷ್ಮ. ಎರಡೂ ಕಡೆ ಚೀಲವನ್ನು ಕಟ್ಟದೆ ಸುಮ್ಮನೆ ಇಡಿ.

ಮಂಡಿ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ನೋವು ಮತ್ತು ಬಾವಿನ ಕಾರಣ ತೊಡೆಯ ಮುಂಭಾಗದ ಸ್ನಾಯು ಬಿಗಿಯಲು ಒಪ್ಪುವುದಿಲ್ಲ. ವ್ಯಾಯಾಮಕ್ಕೆ ಮುಂಚೆ ಐಸ್ ಇಟ್ಟರೆ ಆ ತಡೆ ಸ್ವಲ್ಪ ಸಡಿಲಿ, ಮಂಡಿಯನ್ನು ಹಾಸಿಗೆಗೆ ಒತ್ತುವ, ಕಾಲನ್ನು ನೇರವಾಗಿ ಎತ್ತುವ ವ್ಯಾಯಾಮಗಳು ಸುಲಭವಾಗುತ್ತವೆ. ಐಸಿನ ಉಪಯೋಗ ನನ್ನ ದೃಷ್ಟಿಯಲ್ಲಿ ಇಲ್ಲಿಯೇ ಅತಿ ಹೆಚ್ಚು. ಮಲಗಿ ಮಾಡುವ ವ್ಯಾಯಾಮಕ್ಕೆ ಸರಿಯೆನಿಸುವ ಇದೇ ಮರಗಟ್ಟುವಿಕೆ ಮೆಟ್ಟಿಲಿಳಿಯುವಾಗ ಮುಗ್ಗರಿಸುವಂತೆ ಮಾಡಬಹುದು, ಏಕೆಂದರೆ ಕೀಲು ಎಷ್ಟು ಬಾಗಿದೆ ಎಂಬ ಅರಿವೂ ಮಂಕಾಗಿರುತ್ತದೆ. ಚಿತ್ರದುರ್ಗದ ಕೋಟೆ ಹತ್ತುವಾಗ ಉಳುಕಿದ ಪಾದಕ್ಕೆ ನೋವು ಮರಗಟ್ಟಿಸುವ ತಂಪು ಸ್ಪ್ರೇ ಹೊಡೆದುಕೊಂಡು ಅದೇ ಕಲ್ಲು ಮೆಟ್ಟಿಲುಗಳನ್ನು ಇಳಿಯಲು ಹೊರಡುವವರು ಈ ಮಾತನ್ನು ಗಮನಿಸಬೇಕು. ಕುಸ್ತಿ ಆಡುವವರು ಐಸ್ ಇಟ್ಟ ತಕ್ಷಣ ಮತ್ತೆ ಕುಸ್ತಿಯ ಕಣಕ್ಕೆ ಇಳಿಯಬಾರದು.

ಪೈಲ್ವಾನರು ಈಗೀಗ ಡ್ರಮ್ಮಿನಲ್ಲಿ ಐಸ್ ನೀರು ತುಂಬಿಸಿ ಕೂರುವುದನ್ನೂ ಮೊಬೈಲಿನಲ್ಲಿ ನೋಡಿ ಕಲಿತಿದ್ದಾರೆ. ನೀರು 10ರಿಂದ 15 ಡಿಗ್ರಿ ಇರಲಿ, ಹತ್ತು ನಿಮಿಷ ಮೀರದಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಇಳಿದ ಮೊದಲ ನಿಮಿಷದಲ್ಲಿ ಉಸಿರು ಹಿಡಿತ ತಪ್ಪಿ, ರಕ್ತದೊತ್ತಡ ಒಮ್ಮೆಲೇ ಏರುವುದರಿಂದ ಹೃದಯದ ತೊಂದರೆ ಇರುವವರಿಗೆ ಇದು ನಿಷಿದ್ಧ. ಸ್ನಾಯು ಬೆಳೆಸುವ ಕಸರತ್ತಿನ ಬೆನ್ನಿಗೇ ಹೀಗೆ ಕೂರುವುದರಿಂದ ಸ್ನಾಯುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಹೊಸ ಉಳುಕಿಗೆ ಮೊದಲ ಎರಡು ದಿನ ಬಿಸಿ ಎಣ್ಣೆ ತಿಕ್ಕುವುದು ಬೇಡ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಹಳೆಯ ಸೊಂಟನೋವು, ಬಿಗಿದ ಭುಜಕ್ಕೆ ಶಾಖವೇ ಹಿತ. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆಯ ನೀರಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಹೊದಿಸಿ ಫ್ಯಾನ್ ಹಾಕಿದರೆ ನಮ್ಮ ಒಣಹವೆಯ ಬೇಸಿಗೆಯಲ್ಲಿ ನೀರು ಬೇಗ ಆರಿ ಸಾಕಷ್ಟು ತಂಪು ಕೊಡುತ್ತದೆ. ಆಳದ ನೋವನ್ನು ಇದು ಮರಗಟ್ಟಿಸದಿದ್ದರೂ ಚರ್ಮಕ್ಕೆ ಹಿಮಗಾಯದ ಅಪಾಯವಿಲ್ಲ.

ಐಸ್ ತೆಗೆದು ಅರ್ಧ ಗಂಟೆಯಾದರೂ ಅರಿವು ಮರಳದಿದ್ದರೆ, ಗುಳ್ಳೆ ಎದ್ದರೆ ಆ ಜಾಗವನ್ನು ಉಜ್ಜಬೇಡಿ, ಬೆಂಕಿಯ ಬಳಿ ಒಯ್ಯಬೇಡಿ. ಮೈಬಿಸಿಯಷ್ಟು ಬೆಚ್ಚಗಿನ ನೀರಿನಿಂದ ನಿಧಾನವಾಗಿ ಬೆಚ್ಚಗಾಗಿಸಿ ವೈದ್ಯರಲ್ಲಿಗೆ ಹೋಗಿ. ಪಾದ ಉಳುಕಿದ ಮೇಲೆ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಐಸ್ ಇಡುತ್ತ ಕಾಯದೆ ಎಕ್ಸ್‌ರೇ ಮಾಡಿಸಿ. ಶಸ್ತ್ರಚಿಕಿತ್ಸೆಯಾದ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಅಲ್ಲಿ ಐಸೂ ಬೇಡ, ತಿಕ್ಕುವುದೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿ.